ಹಿಡಿ ಒಂದೂರಿಂದು, ಅಲಗು ಇನ್ನೊಂದೂರಿಂದು

ಹಳೇ ಕತ್ತಿ ಕೈಗೆ ಸಿಕ್ರೆ ಎಲ್ರೂ ಮೊದಲು ನೋಡೋದು ಹಿಡಿನ. ಡಿಸೈನ್ ಇದ್ಯಾ, ಬೆಳ್ಳಿ ಬಂಗಾರ ಏನಾದ್ರೂ ಅಂಟಿದ್ಯಾ, ಹುಲಿ ಮುಖ ಇದ್ರಂತೂ ಮುಗೀತು, "ಟಿಪ್ಪುದು ಕಣ್ರೀ ಇದು" ಅಂತ ಅಲ್ಲೇ ತೀರ್ಮಾನ ಆಗೋಗತ್ತೆ. ನಾನು ಉಲ್ಟಾ, ಹಿಡಿನ ಕೊನೇಗೆ ನೋಡ್ತೀನಿ. ಯಾಕಂದ್ರೆ ನಮ್ಮ ದೇಶದ ಹಳೇ ಕತ್ತಿಗಳಲ್ಲಿ, ಅದರಲ್ಲೂ ತಲ್ವಾರ್ ಅನ್ನೋ ಬಾಗಿದ ಕತ್ತಿಗಳಲ್ಲಿ, ಹಿಡಿ ಒಂದು ಕಾಲದ್ದು ಅಲಗು ಇನ್ನೊಂದು ಕಾಲದ್ದು ಆಗಿರೋದು ಮಾಮೂಲಿ ವಿಷಯ, ಅದನ್ನ ನೋಡಿ "ಅಯ್ಯೋ ಡೂಪ್ಲಿಕೇಟು" ಅಂತ ಎಸೆಯೋರು ಎಷ್ಟು ಜನ ಇದಾರೋ, ಪಕ್ಕಾ ಡೂಪ್ಲಿಕೇಟನ್ನ ಹಿಡಿ ನೋಡಿ ಸಾವಿರಾರು ರೂಪಾಯಿ ಕೊಟ್ಟು ಮನೆಗೆ ತರೋರೂ ಅಷ್ಟೇ ಜನ ಇದಾರೆ.

ತಲ್ವಾರ್ ಹೇಗೆ ಜೋಡ್ಸಿರ್ತಾರೆ ಅಂತ ಗೊತ್ತಾದ್ರೆ ಅರ್ಧ ಗೊಂದಲ ಹೋಗತ್ತೆ. ಮೇಲ್ಗಡೆ ತಟ್ಟೆ ಥರದ ಬಿಲ್ಲೆ, ಮಧ್ಯ ಸ್ವಲ್ಪ ಉಬ್ಬಿರೋ ಹಿಡಿ, ಕೆಳಗೆ ಗಿಡ್ಡ ಅಡ್ಡಪಟ್ಟಿ, ಅದರಿಂದ ಅಲಗಿನ ಮೇಲೆ ಇಳಿಯೋ ಚಿಕ್ಕ ನಾಲಿಗೆ, ಇಷ್ಟೂ ಕಬ್ಬಿಣದ್ದು, ಒಳಗೆ ಟೊಳ್ಳು. ಅಲಗಿನ ಬುಡದಲ್ಲಿ ಒಂದು ಮೊಂಡು ಬಾಲ ಇರತ್ತೆ, ಆ ಟೊಳ್ಳಿಗೆ ಕಾಯಿಸಿದ ಅರಗು ತುಂಬಿ ಬಾಲನ ಒಳಗೆ ಒತ್ತಿ ಬಿಡ್ತಾರೆ, ಆರಿದ್ಮೇಲೆ ಕಲ್ಲು. ಸ್ಕ್ರೂ ಇಲ್ಲ, ಸಾಮಾನ್ಯವಾಗಿ ರಿವೆಟ್ಟೂ ಇಲ್ಲ. ಅಂದ್ರೆ ಮತ್ತೆ ಬಿಸಿ ಮಾಡಿದ್ರೆ ಅಲಗು ಈಚೆ ಬರತ್ತೆ. ಅಜ್ಜನ ಕಾಲದ ಒಳ್ಳೇ ಅಲಗಿಗೆ ಮೊಮ್ಮಗ ಹೊಸ ಹಿಡಿ ಹಾಕ್ಸಿದ, ಮುರಿದ ಅಲಗು ತೆಗೆದು ಅದೇ ಹಿಡಿಗೆ ಬೇರೆ ಹಾಕ್ದ, ಇದೆಲ್ಲ ಆಗಿನ ಕಾಲಕ್ಕೆ ನಾವು ಬೈಕಿಗೆ ಟೈರ್ ಬದಲಾಯ್ಸಿದ ಹಾಗೆ. ಹಾಗಾಗಿ ಹಿಡಿ ಬೇರೆ ಅಲಗು ಬೇರೆ ಅನ್ನೋದು ತಪ್ಪಲ್ಲ, ಆ ಜೋಡಣೆ ಯಾವಾಗ ಆಯ್ತು ಅನ್ನೋದೇ ಪ್ರಶ್ನೆ. ಅಲಗು ಹಿಡಿ ಸೇರೋ ಕಡೆ ಕಪ್ಪು ಕಂದು ಅರಗು, ಅದ್ರಲ್ಲಿ ಬಿರುಕು, ಬಿರುಕಲ್ಲಿ ಹಳೇ ಧೂಳು ಕಂಡ್ರೆ ಸಮಾಧಾನ. ಅಲ್ಲಿ ವೆಲ್ಡಿಂಗ್ ಗಂಟು ಕಂಡ್ರೆ, ಅಥವಾ ಎಂ-ಸೀಲ್ ಥರದ್ದೇನೋ ಮೆತ್ತಿದ್ರೆ, ಅಂಗಡಿಯವರಿಗೆ ನಮಸ್ಕಾರ ಹೇಳಿ ಹೊರಡೋದೇ.

ಇನ್ನೊಂದು ಸಣ್ಣ ಗುರುತು. ಭಾರತೀಯ ಅಲಗುಗಳಲ್ಲಿ ಹರಿತ ಹಿಡಿ ಹತ್ರದಿಂದಲೇ ಶುರುವಾಗಲ್ಲ, ಮೊದಲ ಎರಡು ಮೂರು ಬೆರಳಿನಷ್ಟು ಜಾಗ ಮೊಂಡಾಗೇ ಬಿಟ್ಟಿರ್ತಾರೆ. ತೋರುಬೆರಳನ್ನ ಅಡ್ಡಪಟ್ಟಿ ಮೇಲೆ ಹಾಕಿ ಹಿಡಿಯೋಕೆ ಇದು ಬೇಕು. ಇರಾನಿನ ಬಾಗಿದ ಕತ್ತಿ ಶಂಶೀರ್‌ನ ಅಲಗಲ್ಲಿ ಸಾಮಾನ್ಯವಾಗಿ ಈ ಮೊಂಡು ಜಾಗ ಇರಲ್ಲ. "ಪರ್ಷಿಯಾದಿಂದ ಬಂದ ಅಲಗು ಸಾರ್" ಅಂತ ರೇಟ್ ಏರ್ಸೋರ ಮುಂದೆ ಅಲ್ಲಿಗೆ ಬೆರಳಿಟ್ಟು ಸುಮ್ನೆ ಅವರ ಮುಖ ನೋಡಿ. ಆಮೇಲೆ ಅಲಗಿನ ಬೆನ್ನನ್ನ, ಅಂದ್ರೆ ಹರಿತ ಇಲ್ದಿರೋ ಕಡೆನ, ಮೇಲಿಂದ ನೋಡ್ಬೇಕು, ಹಿಡಿ ಹತ್ರ ದಪ್ಪ ಇದ್ದು ಮೊನೆ ಕಡೆ ಹೋಗ್ತಾ ಹೋಗ್ತಾ ತೆಳ್ಳಗಾಗ್ಬೇಕು. ಈಗಿನ ಶೋ ಪೀಸ್‌ಗಳು ಒಂದೇ ದಪ್ಪದ ಶೀಟಲ್ಲಿ ಕತ್ತರಿಸಿದವು, ಬುಡದಿಂದ ತುದಿವರೆಗೂ ಒಂದೇ ಸಮ, ಕೈಲಿ ಹಿಡಿದ್ರೆ ಮೂತಿ ಭಾರ.

ಅಲಗುಗಳ ಪ್ರಯಾಣದ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ಪೋರ್ಚುಗೀಸರು ಬಂದ್ಮೇಲೆ ಯುರೋಪಿನ ನೇರ ಅಲಗುಗಳು ಪಶ್ಚಿಮ ಕರಾವಳಿಗೆ ಬರೋಕೆ ಶುರುವಾಯ್ತು, ನಮ್ಮೋರು ಅದಕ್ಕೆ ಇಲ್ಲಿಯ, ಕೈ ಮುಚ್ಚೋ ಬುಟ್ಟಿ ಥರದ ಹಿಡಿ ಹಾಕ್ಕೊಂಡು ಫಿರಂಗಿ ಅಂತ ಕರೆದ್ರು, ಮರಾಠರಿಗೆ ಇದರ ಮೇಲೆ ಭಾರೀ ಪ್ರೀತಿ. ಜರ್ಮನಿಯ ಪಾಸೌ, ಸೋಲಿಂಗೆನ್ ಕಡೆಯ ಅಲಗುಗಳ ಮೇಲೆ ಓಡೋ ತೋಳದ ಗುರುತು ಇರತ್ತೆ, ತೋಳ ಅಂದ್ರೆ ನಾಲ್ಕೈದು ಗೀಟು ಅಷ್ಟೇ, ಗೊತ್ತಿಲ್ದೋರಿಗೆ ಮಗು ಗೀಚಿದ ಹಾಗೆ ಕಾಣತ್ತೆ. ಇಟಲಿ ಕಡೆಯವಕ್ಕೆ ಎದುರುಬದುರು ಎರಡು ಅರ್ಧಚಂದ್ರ, ಅಂಚಿಗೆ ಸಣ್ಣ ಸಣ್ಣ ಹಲ್ಲು. ಈ ಗುರುತಿಗೆ ಮಾರ್ಕೆಟ್ ವ್ಯಾಲ್ಯೂ ಇತ್ತಲ್ಲ, ನಮ್ಮ ಕಮ್ಮಾರರು ಅದನ್ನೂ ಕಾಪಿ ಹೊಡೆದ್ರು. ಬ್ರಾಂಡ್ ಡೂಪ್ಲಿಕೇಟ್ ಮಾಡೋದು ಇವತ್ತು ನಿನ್ನೇದಲ್ಲ ಬಿಡಿ. ಹಂಗಾಗಿ ಅರ್ಧಚಂದ್ರ ಕಂಡ ಮಾತ್ರಕ್ಕೆ ಇಟಲಿ ಅಂತಾನೂ ಅಲ್ಲ, ನಕಲಿ ಅಂತಾನೂ ಅಲ್ಲ, ಇಲ್ಲೇ ಮಾಡಿದ ಮುನ್ನೂರು ವರ್ಷದ ಅಸಲಿ ಕತ್ತಿ ಮೇಲೆ ನಕಲಿ ಗುರುತು ಇರಬಹುದು! ಇನ್ನು 19ನೇ ಶತಮಾನಕ್ಕೆ ಬಂದ್ರೆ ತಲ್ವಾರ್ ಹಿಡಿ ಪಕ್ಕಾ ದೇಸಿ, ಅಲಗಿನ ಬೆನ್ನ ಮೇಲೆ ನೋಡಿದ್ರೆ ಮೋಲ್, ಬರ್ಮಿಂಗ್‌ಹ್ಯಾಮ್ ಅಂತ ಕತ್ತಿ ಕಂಪನಿಯ ಹೆಸರು ಊರಿನ ಠಸ್ಸೆ, ಅವು ಬ್ರಿಟಿಷ್ ಸೈನ್ಯದ ಭಾರತೀಯ ಕುದುರೆ ರೆಜಿಮೆಂಟ್‌ಗಳಿಗೆ ಅಂತ ಇಂಗ್ಲೆಂಡಲ್ಲಿ ಮಾಡಿ ಕಳಿಸಿದವು.

ದೇಶದೊಳಗೂ ಕತ್ತಿಗಳು ಕಡಿಮೆ ಓಡಾಡಿಲ್ಲ. ನಮ್ಮ ಬಳ್ಳಾರಿಗೆ ಪಕ್ಕದಲ್ಲೇ ಇರೋ ಆದೋನಿ, ಈಗ ಆಂಧ್ರದಲ್ಲಿದೆ, ಅಲ್ಲಿಯ ಕೋಟೆನ ಮೊಘಲರ ಪರವಾಗಿ ಬಿಕಾನೇರಿನ ರಾಜ ಅನೂಪ್ ಸಿಂಗ್ 1689ರಲ್ಲಿ ಗೆದ್ದಾಗ ಅಲ್ಲಿದ್ದ ದಕ್ಷಿಣದ ಆಯುಧಗಳೆಲ್ಲ ಗಂಟು ಮೂಟೆ ಕಟ್ಕೊಂಡು ರಾಜಸ್ಥಾನ ಸೇರಿದ್ವು. ಬಿಕಾನೇರಿನ ಆಯುಧಶಾಲೆಯೋರು ಒಳ್ಳೇ ಕೆಲಸ ಮಾಡಿದಾರೆ, ಪೀಸ್ ಮೇಲೆ ಸಣ್ಣ ಸಣ್ಣ ಚುಕ್ಕಿ ಕುಟ್ಟಿ ನಾಗರಿ ಲಿಪೀಲಿ ಬರೆದಿಟ್ಟಿದಾರೆ. ಇವತ್ತು ಆ ಪೀಸ್‌ಗಳು ವಿದೇಶದ ಮ್ಯೂಸಿಯಂಗಳಲ್ಲೂ ಇವೆ, ಲೇಬಲ್‌ನಲ್ಲಿ ಬಿಕಾನೇರ್ ಅಂತ ಓದಿ ರಜಪೂತರ ಕತ್ತಿ ಅಂದ್ಕೊಂಡು ಮುಂದೆ ಹೋಗ್ತಾರೆ ಜನ. ಆದ್ರೆ ಕಠಾರಿಯ ಕೈ ಮುಚ್ಚೋ ಹಾಗೆ ಹಾಯಿ ಥರದ ಬಾಗಿದ ತಗಡು ಇದ್ರೆ, ಅದರ ಮೇಲೆ ಯಾಳಿ, ಅಂದ್ರೆ ದೇವಸ್ಥಾನದ ಕಂಬದಲ್ಲಿರೋ ಸಿಂಹದಂಥ ಕಲ್ಪನೆಯ ಪ್ರಾಣಿ, ಇದ್ರೆ, ಅದು ದಕ್ಷಿಣದ್ದು, ಎಲ್ಲಿ ಸಿಕ್ಕಿದ್ರೂ ದಕ್ಷಿಣದ್ದೇ. ತಂಜಾವೂರು ಅರಮನೆ ಆಯುಧಗಳು ಚೆನ್ನೈ ಎಗ್ಮೋರ್ ಮ್ಯೂಸಿಯಂನಲ್ಲಿವೆ, ಆ ಕಡೆ ಹೋದ್ರೆ ಬೀಚಿಗೆ ಹೋಗೋ ಮುಂಚೆ ಒಂದರ್ಧ ದಿನ ಅಲ್ಲಿ ಕಳೀರಿ, ಕಣ್ಣು ಪಳಗೋಕೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಕೆಲವು ಕಠಾರಿಗಳ ಅಲಗು ಮತ್ತೆ ಯುರೋಪಿನದ್ದೇ, ಉದ್ದ ಕತ್ತಿ ಮುರಿದ್ಮೇಲೆ ತುಂಡು ಮಾಡಿ ರಿವೆಟ್ ಹೊಡೆದಿರೋದು.

ಟಿಪ್ಪು ವಿಷಯ ಹೇಳ್ದೆ ಮುಗ್ಸೋ ಹಾಗಿಲ್ಲ. 2023ರ ಮೇ ತಿಂಗಳಲ್ಲಿ ಲಂಡನ್‌ನ ಹರಾಜಲ್ಲಿ ಟಿಪ್ಪುವಿನ ಮಲಗೋ ಕೋಣೆಯ ಕತ್ತಿ ಸುಮಾರು 1 ಕೋಟಿ 40 ಲಕ್ಷ ಪೌಂಡಿಗೆ ಹೋಯ್ತು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷ್ ಜನರಲ್ ಬೇರ್ಡ್‌ಗೆ ಕೊಟ್ಟಿದ್ದು ಅದು. ಆ ನ್ಯೂಸ್ ಬಂದಿದ್ದೇ ಬಂದಿದ್ದು, ಮೈಸೂರು ಸೀಮೇಲಿ ಅಟ್ಟದ ಮೇಲಿರೋ ತುಕ್ಕು ಹಿಡಿದ ಮಚ್ಚೂ ಟಿಪ್ಪುದಾಯ್ತು. ಒಬ್ಬ ವ್ಯಾಪಾರಿ ನಂಗೆ ತೋರಿಸಿದ್ದು ಹಿತ್ತಾಳೆ ಹುಲಿ ಹಿಡಿ, ಅಲಗಿನ ಮೇಲೆ ಇಂಗ್ಲಿಷ್ ಅಂಕಿಯಲ್ಲಿ 1782.

"ಸಾರ್, ಡೇಟೇ ಇದೆಯಲ್ಲ ಸಾರ್, ಇನ್ನೇನ್ ಪ್ರೂಫ್ ಬೇಕು?"

"ಅಣ್ಣ, ಟಿಪ್ಪು ಇಂಗ್ಲಿಷ್‌ನಲ್ಲಿ ಡೇಟ್ ಯಾಕೆ ಬರೆಸ್ತಾನೆ?"

"ಇಂಗ್ಲಿಷ್‌ನೋರಿಗೆ ಅರ್ಥ ಆಗ್ಲಿ ಅಂತ ಸಾರ್."

ಈ ಉತ್ತರಕ್ಕೆ ನಾನು ಕಾಫಿ ಕುಡಿಸಿದೆ, ಕತ್ತಿ ತಗೊಳ್ಳಿಲ್ಲ. ಟಿಪ್ಪು ತನ್ನದೇ ಮೌಲೂದಿ ಶಕೆ ಶುರು ಮಾಡಿದ್ದ, ಅದರ ಅಂಕಿಗಳನ್ನ ಬಲದಿಂದ ಎಡಕ್ಕೆ ಬರೆಸ್ತಿದ್ದ, ನಾಣ್ಯ ಸಂಗ್ರಹ ಮಾಡೋರಿಗೆ ಇದು ಚೆನ್ನಾಗಿ ಗೊತ್ತು. ಹುಲಿ ಪಟ್ಟೆ ಕೂಡ ಪೇಂಟಲ್ಲಿ ಬರೆದ ಹಾಗಿರಲ್ಲ, ಬಬ್ರಿ ಅಂತಾರೆ, ಎರಡೂ ತುದಿ ಚೂಪಾಗಿರೋ ಅಲೆ ಅಲೆ ಪಟ್ಟೆ. ಒಂದ್ಸಲ ಸರಿಯಾದ್ದನ್ನ ನೋಡಿದ್ರೆ ನಕಲು ಮಾಡಿದ್ದು ಎದ್ದು ಕಾಣತ್ತೆ.

ಚಿನ್ನದ ಕೆಲಸ ಇದ್ರೆ ಲೂಪ್, ಅಂದ್ರೆ ಅಕ್ಕಸಾಲಿಗರ ಭೂತಗನ್ನಡಿ, ಹಾಕಿ ನೋಡಿ, ಇದೊಂದು ಮಾತ್ರ ಬರೀ ಕಣ್ಣಲ್ಲಿ ಆಗಲ್ಲ. ಕೋಫ್ತಗರಿ ಅಂದ್ರೆ ಕಬ್ಬಿಣದ ಮೇಲೆ ಮೊದಲು ಅಡ್ಡ ಉದ್ದ ಗೀರು ಹಾಕಿ ಒರಟು ಮಾಡ್ತಾರೆ, ಆಮೇಲೆ ಕೂದಲೆಳೆ ಥರದ ಚಿನ್ನದ ತಂತಿ ಇಟ್ಟು ಕುಟ್ಟಿ ಕೂರಿಸ್ತಾರೆ. ಸವೆದು ಚಿನ್ನ ಹೋಗಿರೋ ಜಾಗದಲ್ಲಿ ಆ ಗೀರುಗಳ ಜಾಲರಿ ಹಾಗೇ ಕಾಣ್ಬೇಕು. ಗೋಲ್ಡ್ ಪ್ಲೇಟಿಂಗ್ ಸವೆದ್ರೆ ಕೆಳಗೆ ನುಣ್ಣಗಿರತ್ತೆ. ಆದ್ರೆ ಉದಯಪುರದಲ್ಲಿ ಇವತ್ತಿಗೂ ಈ ಕೆಲಸ ಗೊತ್ತಿರೋರು ಇದಾರೆ, ಅದ್ಭುತವಾಗಿ ಮಾಡ್ತಾರೆ, ಹಾಗಾಗಿ ಕೆಲಸ ಅಸಲಿ ಅಂದ ಮಾತ್ರಕ್ಕೆ ವಯಸ್ಸೂ ಅಸಲಿ ಅನ್ಕೋಬೇಡಿ.

ಉಕ್ಕಿನ ನೀರಿನ ಅಲೆಯ ಪ್ಯಾಟರ್ನ್ ಬಗ್ಗೆನೂ ಇದೇ ಕಥೆ. ಮೂಸೇಲಿ ಕರಗಿಸಿದ ಆ ಉಕ್ಕು ನಮ್ಮಲ್ಲೇ ಆಗ್ತಿತ್ತು, ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳೀಲಿ ಅದರ ಮೂಸೆ ಚೂರುಗಳು ಸಿಕ್ಕಿವೆ, 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬ್ರಿಟಿಷ್ ಡಾಕ್ಟರ್ ಬುಕಾನನ್ ಕೂಡ ಇಲ್ಲಿ ಉಕ್ಕು ಮಾಡೋದನ್ನ ನೋಡಿ ಬರೆದಿದಾನೆ. ಈಗ ಆಸಿಡ್‌ನಲ್ಲಿ ಪ್ಯಾಟರ್ನ್ ಪ್ರಿಂಟ್ ಹೊಡೆದು ಮಾರ್ತಾರೆ. ಅಲಗನ್ನ ತಿರುಗಿಸಿ ಬೆನ್ನು ನೋಡಿ. ಅಸಲಿ ಆದ್ರೆ ಪ್ಯಾಟರ್ನ್ ಲೋಹದ ಒಳಗಿಂದಲೇ ಬಂದಿರತ್ತೆ, ಬೆನ್ನ ಮೇಲೂ ಇರತ್ತೆ. ಪ್ರಿಂಟ್ ಆದ್ರೆ ಪಕ್ಕದಲ್ಲಷ್ಟೇ ಇದ್ದು ಅಂಚಿಗೆ ನಿಂತುಬಿಡತ್ತೆ.

ಇಷ್ಟೆಲ್ಲ ಗೋಜಲು ಇಲ್ದಿರೋ ಕತ್ತಿ ಅಂದ್ರೆ ಕೊಡಗಿನ ಒಡಿಕತ್ತಿ. ಆನ್‌ಲೈನ್‌ನಲ್ಲಿ ಇದನ್ನ ಗೂರ್ಖಾಗಳ ಕುಕ್ರಿ ಅಂತ ಮಾರೋರನ್ನ ನೋಡಿದೀನಿ, ಮೈ ಉರಿಯತ್ತೆ. ಹಿಡಿ ಹತ್ರ ಸಣ್ಣ, ತುದಿಗೆ ಹೋಗ್ತಾ ಅಗಲ, ಬಾಗಿದ ಒಳಗಡೆ ಹರಿತ, ಭಾರ ಎಲ್ಲ ಮುಂದೆ. ಒರೆ ಇಲ್ಲ, ಸೊಂಟದ ಹಿಂದೆ ತೊಡಂಗ್ ಅನ್ನೋ ಲೋಹದ ಕೊಕ್ಕೆಗೆ ಸಿಕ್ಕಿಸ್ಕೋತಾರೆ. ಕುಪ್ಯ ಅನ್ನೋ ಉದ್ದ ಕೋಟು ಹಾಕಿ ಸೊಂಟಕ್ಕೆ ಚೇಲೆ ಪಟ್ಟಿ ಕಟ್ಟಿದಾಗ ಮುಂದೆ ಇರೋದು ಪೀಚೆಕತ್ತಿ, ಅದು ಬೇರೇನೇ, ಚಿಕ್ಕದು, ಬೆಳ್ಳಿ ಒರೆ, ಬೆಳ್ಳಿ ಸರಪಳಿ, ಹಳೇ ಪೀಸ್‌ಗಳಲ್ಲಿ ಆ ಸರಪಳಿ ತುದೀಲಿ ಪುಟಾಣಿ ಚಿಮಟ, ಕಿವಿ ಕಡ್ಡಿ ಎಲ್ಲ ನೇತಾಡ್ತಿರತ್ತೆ. ಮ್ಯೂಸಿಯಂ ಕ್ಯಾಟಲಾಗ್‌ನೋರು ಅದನ್ನ ಏನೇನೋ ಅಂತ ಯೋಚಿಸ್ತಾರೆ, ಕಿವಿ ಕೆರೆದ್ರೆ ಬೇಕಲ್ಲ ಸ್ವಾಮಿ! ಒಡಿಕತ್ತಿ ಇವತ್ತಿಗೂ ಕೆಲಸದಲ್ಲಿದೆ, ಮದುವೇಲಿ ಬಾಳೆ ಕಡಿಯೋ ಶಾಸ್ತ್ರಕ್ಕೆ ಬೇಕೇ ಬೇಕು, ಸೆಪ್ಟೆಂಬರ್ ಮೊದಲಲ್ಲಿ ಬರೋ ಕೊಡವರ ಆಯುಧ ಹಬ್ಬ ಕೈಲ್ ಪೊಳ್ದ್‌ಗೆ ಕೋವಿ ಕತ್ತಿ ಎಲ್ಲ ತೊಳೆದು ತೋಕ್ ಪೂ ಅನ್ನೋ ಹೂ ಇಟ್ಟು ಪೂಜೆ ಮಾಡ್ತಾರೆ. ಹಳೇದು ಹೊಸದು ಗೊತ್ತಾಗೋದು ಮೈ ಮುಟ್ಟಿದಾಗ: ಹಳೇದ್ರಲ್ಲಿ ಸುತ್ತಿಗೆ ಏಟಿನ ಸಣ್ಣ ತಗ್ಗುಗಳು ಬೆರಳಿಗೆ ಸಿಗತ್ತೆ, ಸಾಣೆ ಹಿಡಿದು ಹಿಡಿದು ಹರಿತದ ಕಡೆ ಸ್ವಲ್ಪ ಒಳಗೆ ತಿಂದುಹೋಗಿರತ್ತೆ. ಹೊಸದು ಲಾರಿ ಪಟ್ಟೀಲಿ ಮಾಡಿದ್ದು, ಗ್ರೈಂಡರ್ ಗೆರೆ ನೀಟಾಗಿ ಅಡ್ಡಡ್ಡ. ಹಿಡಿ ಆನೆದಂತದ್ದು ಅಂತ ಯಾರಾದ್ರೂ ಮಾರೋಕೆ ಬಂದ್ರೆ ಕೈ ಹಾಕ್ಬೇಡಿ, ವನ್ಯಜೀವಿ ಕಾಯ್ದೆ ಸುಮ್ನೆ ಬಿಡಲ್ಲ. ಹಾಗೇ ನೂರು ವರ್ಷ ದಾಟಿದ ಯಾವ ಕತ್ತಿನೂ ಅಮೆರಿಕದಲ್ಲಿರೋ ಮಗನಿಗೆ ಅಂತ ಸೂಟ್‌ಕೇಸಲ್ಲಿ ಹಾಕೋ ಹಾಗಿಲ್ಲ, 1972ರ ಪುರಾತನ ವಸ್ತು ಕಾಯ್ದೆ ಪ್ರಕಾರ ಖಾಸಗಿಯೋರು ಹೊರದೇಶಕ್ಕೆ ಕಳಿಸೋದೇ ನಿಷೇಧ.

ಮನೇಲಿ ಆಗಲೇ ಹಳೇ ಕತ್ತಿ ಇರೋರಿಗೆ ಕೈ ಮುಗಿದು ಕೇಳ್ಕೋತೀನಿ, ಆಯುಧ ಪೂಜೆ ಬಂತು ಅಂತ ಅದಕ್ಕೆ ಸಿಲ್ವರ್ ಪೇಂಟ್ ಹೊಡೀಬೇಡಿ. ಊರೂರಲ್ಲಿ ಇದೇ ಆಗಿದೆ, ಒಳ್ಳೊಳ್ಳೇ ಅಲಗುಗಳ ಮೇಲೆ ಗೇಟಿಗೆ ಹೊಡೆಯೋ ಪೇಂಟು, ಅದರ ಕೆಳಗೆ ತುಕ್ಕು ಆರಾಮಾಗಿ ತಿಂತಾ ಇರತ್ತೆ. ಆಗಲೇ ಹೊಡೆದಿದ್ರೆ ಥಿನ್ನರ್ ಅದ್ದಿದ ಬಟ್ಟೇಲಿ ನಿಧಾನಕ್ಕೆ ಒರೆಸಿ, ಉಪ್ಪುಕಾಗದ ಹುಣಸೆಹಣ್ಣು ನಿಂಬೆಹಣ್ಣು ಯಾವುದೂ ಬೇಡ, ಅರಗು ಮೆತ್ತಿರೋ ಜಾಗಕ್ಕೆ ಥಿನ್ನರ್ ತಾಗಿಸ್ಬೇಡಿ. ಕುಂಕುಮ ಹಚ್ಚಿದ್ರೆ ಮಾರನೇ ದಿನ ಒಣ ಬಟ್ಟೇಲಿ ತೆಗೀರಿ. ಆಮೇಲೆ ಹೊಲಿಗೆ ಮಷೀನ್ ಎಣ್ಣೆ ತೆಳ್ಳಗೆ ಸವರಿ, ಚರ್ಮದ ಒರೆಯೊಳಗೆ ಮಾತ್ರ ಹಾಕಿಡ್ಬೇಡಿ, ಚರ್ಮ ತೇವ ಹಿಡಿಯತ್ತೆ, ಅಲಗು ಬೇರೆ ಒರೆ ಬೇರೆ ಇಡಿ.