ಗ್ರಾನೈಟಿನ ಗುಲಾಬಿ ಕಾಳು

ನುಣುಪಾದ ಗ್ರಾನೈಟ್ ಕಂಡರೆ ಎಲ್ಲರೂ ಬಣ್ಣ ಹೊಗಳುತ್ತಾರೆ, ನಾನು ಬಗ್ಗಿ ಅದರ ಕಾಳು ನೋಡುತ್ತೇನೆ. ಜೊತೆಗಿದ್ದವರಿಗೆ ಮುಜುಗರ, ಇರಲಿ. ಗುಲಾಬಿ ಬಣ್ಣದ ದೊಡ್ಡ ಕಾಳುಗಳು ಹೆಚ್ಚಾಗಿ ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ಎಂಬ ಖನಿಜ. ಆ ಬಣ್ಣ ಅದರ ಸ್ವಂತದ್ದಲ್ಲ. ಒಳಗೆ ಸಿಕ್ಕಿಕೊಂಡ ಕಬ್ಬಿಣದ ಆಕ್ಸೈಡಿನ ಸೂಕ್ಷ್ಮ ಕಣಗಳದ್ದು.

ಬಿಳಿ ಫೆಲ್ಡ್‌ಸ್ಪಾರನ್ನು ಬೆಣಚುಕಲ್ಲು ಅಂದುಕೊಳ್ಳುವವರುಂಟು. ಒಡೆದ ಮೈ ನೋಡಿದರೆ ಅನುಮಾನ ಉಳಿಯುವುದಿಲ್ಲ. ಬೆಣಚುಕಲ್ಲು ಗಾಜಿನಂತೆ ಅಂಕುಡೊಂಕಾಗಿ ಒಡೆಯುತ್ತದೆ, ಫೆಲ್ಡ್‌ಸ್ಪಾರ್ ಎರಡು ದಿಕ್ಕಿನಲ್ಲಿ ಹೆಚ್ಚುಕಡಿಮೆ 90 ಡಿಗ್ರಿಗೆ ಸಪಾಟಾಗಿ ಸೀಳುತ್ತದೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ 6ಕ್ಕೆ ಮಾದರಿಯೇ ಆರ್ಥೋಕ್ಲೇಸ್ ಎಂಬ ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್, ಬೆಣಚುಕಲ್ಲಿನದು 7.

ನನಗೆ ಇಷ್ಟವಾದ ಆಟ ಬೇರೆ. ಒಂದು ಕಾಳನ್ನು ಬೆಳಕಿಗೆ ಹಿಡಿದು ಮೆಲ್ಲಗೆ ತಿರುಗಿಸಿ. ನಡುವೆ ಒಂದು ಗೆರೆ, ಒಂದು ಅರ್ಧ ಫಳ್ಳೆಂದರೆ ಇನ್ನೊಂದು ಅರ್ಧ ಮಂಕು. ಇನ್ನಷ್ಟು ತಿರುಗಿಸಿದರೆ ಅದಲುಬದಲು. ಒಂದೇ ಕಾಳಿನಂತೆ ಕಾಣುವ ಇದು ಅಂಟಿಕೊಂಡೇ ಬೆಳೆದ ಎರಡು ಹರಳು. ಇದಕ್ಕೆ ಕಾರ್ಲ್ಸ್‌ಬಾಡ್ ಅವಳಿ ಎನ್ನುತ್ತಾರೆ.

ಪೊಟ್ಯಾಸಿಯಂ ಫೆಲ್ಡ್‌ಸ್ಪಾರಿನ ಹುಟ್ಟಿನಲ್ಲಿ ಸೋಜಿಗವೊಂದಿದೆ. ಪೊಟ್ಯಾಸಿಯಂ, ಅಲ್ಯೂಮಿನಿಯಂ, ಸಿಲಿಕಾನ್, ಆಮ್ಲಜನಕ: ಇದೇ ಸೂತ್ರಕ್ಕೆ ಮೂರು ಖನಿಜಗಳಿವೆ. ಜ್ವಾಲಾಮುಖಿ ಉಗುಳಿದ ಶಿಲಾರಸ ಬೇಗ ಆರಿದರೆ ಅಲ್ಯೂಮಿನಿಯಂ, ಸಿಲಿಕಾನ್ ಪರಮಾಣುಗಳು ಸಿಕ್ಕ ಕುರ್ಚಿ ಹಿಡಿದವರ ಹಾಗೆ ಅಸ್ತವ್ಯಸ್ತವಾಗಿಯೇ ಕೂತುಬಿಡುತ್ತವೆ. ಅದು ಸ್ಯಾನಿಡಿನ್. ನೆಲದಾಳದಲ್ಲಿ ನಿಧಾನಕ್ಕೆ ತಣಿದರೆ ತಕ್ಕಮಟ್ಟಿಗೆ ಸಾಲು ಹಿಡಿಯುತ್ತವೆ, ಅದು ಆರ್ಥೋಕ್ಲೇಸ್. ಇನ್ನೂ ಸಾವಕಾಶ ಸಿಕ್ಕಿ ಪೂರ್ತಿ ಜೋಡಣೆಯಾದರೆ ಮೈಕ್ರೋಕ್ಲಿನ್. ಹಸಿರು ಅಮೆಜೊನೈಟ್ ಇದರದೇ ಬಗೆ.

ನಿಧಾನಕ್ಕೆ ಆರಿದ್ದಕ್ಕೆ ಇನ್ನೊಂದು ಗುರುತು ಭೂತಗನ್ನಡಿಗೆ ಸಿಗುತ್ತದೆ. ಬಿಸಿಯಲ್ಲಿ ಬೆರೆತಿದ್ದ ಸೋಡಿಯಂ ಭಾಗ ತಣಿಯುವಾಗ ಬೇರೆಯಾಗಿ, ಗುಲಾಬಿ ಮೈಯೊಳಗೆ ಬಿಳಿ ಎಳೆಗಳಾಗಿ ನಿಲ್ಲುತ್ತದೆ. ಇಂಥದ್ದೇ ಪದರಗಳು ಕಣ್ಣಿಗೆ ಕಾಣದಷ್ಟು ತೆಳುವಾಗಿದ್ದರೆ ಬೆಳಕು ಚದುರಿ ಮೂನ್‌ಸ್ಟೋನ್ ಎಂಬ ಆಭರಣದ ಕಲ್ಲಿನ ತೇಲುವ ನೀಲಿ ಹೊಳಪು ಬರುತ್ತದೆ. ಆಭರಣದವರು ಈ ಕಥೆ ಹೇಳುವುದೇ ಇಲ್ಲ!

ಇಷ್ಟು ಗಡಸಾದರೂ ಮಳೆಗೆ ಫೆಲ್ಡ್‌ಸ್ಪಾರ್ ಸೋಲುತ್ತದೆ. ಇಂಗಾಲದ ಡೈಆಕ್ಸೈಡ್ ಕರಗಿದ ಮಳೆನೀರು ಪೊಟ್ಯಾಸಿಯಂ ಅನ್ನು ತೊಳೆದೊಯ್ದು, ಕೊನೆಗೆ ಕೇಯೋಲಿನ್ ಎಂಬ ಬಿಳಿ ಜೇಡಿ ಉಳಿಸುತ್ತದೆ. ಪಿಂಗಾಣಿ ಮಾಡುವವರು ಆ ಜೇಡಿಗೆ ಮತ್ತೆ ಫೆಲ್ಡ್‌ಸ್ಪಾರ್ ಪುಡಿಯನ್ನೇ ಬೆರೆಸುತ್ತಾರೆ. ಕುಲುಮೆಯಲ್ಲಿ ಮೊದಲು ಕರಗಿ ಉಳಿದದ್ದನ್ನು ಬೆಸೆಯುವುದು ಅದೇ.