ಉಬ್ಬಬೇಕಾದ ಕಡೆ ಸುಕ್ಕು

"ಒಳಗಿಂದ ಒತ್ತಿದ್ರೆ ಉಬ್ಬಬೇಕಲ್ವಾ ಸಾರ್? ಇದ್ಯಾಕೆ ಸುಕ್ಕಾಗೈತೆ?"

ಮಂಗಳವಾರ ನಮ್ಮ ಫಿಟ್ಟರ್ ಸಿದ್ದಣ್ಣ ಕೇಳಿದ ಈ ಮಾತು ಇನ್ನೂ ಕಿವಿಯಲ್ಲೇ ಇದೆ. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ನಮ್ಮ ಶೆಡ್‌ಗೆ ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕ್ ಒಂದು ಹೈಡ್ರೋ ಟೆಸ್ಟ್‌ಗೆ, ಅಂದರೆ ನೀರು ತುಂಬಿ ಒತ್ತಡ ಏರಿಸಿ ನೋಡುವ ಪರೀಕ್ಷೆಗೆ ಬಂದಿತ್ತು. ಬೇರೆ ಕಡೆ ಮಾಡಿಸಿದ್ದು. ವ್ಯಾಸ 2000 ಎಂಎಂ, ಕೆಲಸದ ಒತ್ತಡ 3 ಬಾರ್. ಶೆಲ್ಲೂ (ಉರುಳೆಯಾಕಾರದ ಮೈ) 3 ಎಂಎಂ, ಎರಡು ತುದಿ ಮುಚ್ಚುವ ಬಟ್ಟಲಿನಂಥ ಡಿಶ್ ಎಂಡೂ 3 ಎಂಎಂ.

ಡಿಶ್ ತೆಳುವಾಯಿತು ಅಂತ ಟ್ಯಾಂಕ್ ಜೊತೆ ಬಂದಿದ್ದ, ಅದನ್ನು ಕೊಂಡ ಫ್ಯಾಕ್ಟರಿಯ ಪರ್ಚೇಸ್‌ನವರಿಗೆ ಬೆಳಿಗ್ಗೆಯೇ ಹೇಳಿದೆ. "ಶೆಲ್‌ಗೆ ಸಾಕಾಗಿದ್ದು ಡಿಶ್‌ಗೆ ಯಾಕೆ ಸಾಲಲ್ಲ?" ಅಂದರು. ಪ್ರಶ್ನೆ ಸರಿಯಾಗೇ ಇತ್ತು. ಉತ್ತರ ಕೇಳುವ ತಾಳ್ಮೆ ಅವರಿಗಿರಲಿಲ್ಲ. ಡಿಶ್ ಮಾರುವುದು ತೂಕದ ಮೇಲೆ, 5 ಎಂಎಂ ಬದಲು 3 ತಂದರೆ ಉಳಿತಾಯ ಎದ್ದು ಕಾಣುತ್ತದೆ. ಶಭಾಸ್ ಅನ್ನುವವರೂ ಇರುತ್ತಾರೆ.

ಲೆಕ್ಕ ಏನೂ ಕಷ್ಟದ್ದಲ್ಲ. ಒತ್ತಡದ ಟ್ಯಾಂಕ್‌ಗಳಿಗೆ ಇರುವ ಅಮೆರಿಕದ ಎಎಸ್‌ಎಂಇ ಕೋಡ್ ಪ್ರಕಾರ 304 ಸ್ಟೀಲಿನ ಮೇಲೆ ಹಾಕಬಹುದಾದ ಬಲ 138 ಎಂಪಿಎ, ಬೆಸುಗೆಯ ಗಟ್ಟಿತನ ಪ್ಲೇಟಿನ 0.85 ಪಾಲು ಅಂತ ಹಿಡಿದರೆ ಈ ಶೆಲ್‌ಗೆ ಸುಮಾರು 2.6 ಎಂಎಂ ಸಾಕು. 2:1 ಎಲಿಪ್ಸ್ ಆಕಾರದ ಡಿಶ್‌ಗೂ ಹೆಚ್ಚುಕಮ್ಮಿ ಅಷ್ಟೇ. ಆದರೆ ಇದು ಟೋರಿಸ್ಫೆರಿಕಲ್. ನಡುವೆ ಚಪ್ಪಟೆ, ಅಂಚಿನಲ್ಲಿ ಗಕ್ಕನೆ ತಿರುಗುತ್ತದೆ. ಆ ತಿರುವಿಗೆ ನಾವು ನಕಲ್ ಅನ್ನುತ್ತೇವೆ. ಇದರ ನಕಲ್ ರೇಡಿಯಸ್ ವ್ಯಾಸದ 6 ಪರ್ಸೆಂಟ್, ಅಂದರೆ 120 ಎಂಎಂ. ಕೋಡ್ ಅದಕ್ಕಿಂತ ಕಡಿಮೆಗೆ ಒಪ್ಪುವುದಿಲ್ಲ. ಇಂಥ ಡಿಶ್‌ಗೆ 4.5 ಎಂಎಂ ಮೇಲೇ ಬೇಕು. ಅದೂ ಪ್ಲೇಟನ್ನು ಬಗ್ಗಿಸಿ ಡಿಶ್ ಹೊಡೆದ ಮೇಲೆ ಉಳಿಯುವ ದಪ್ಪ. ಹೊಡೆಯುವಾಗ ನಕಲ್ ಹತ್ತಿರ ಪ್ಲೇಟ್ ಹಿಗ್ಗಿ ತೆಳುವಾಗುತ್ತದೆ. ಮೀಟರ್ ಇಟ್ಟು ನೋಡಿದರೆ ಅಲ್ಲಿದ್ದದ್ದು 2.7.

"ನೀರು ತುಂಬ್ತಾ ಕೂತ್ರೆ ಅರ್ಧ ದಿನ ಹೋಗತ್ತೆ. ಕಂಪ್ರೆಸರ್ ಹಚ್ಚಿ ಗಾಳಿಯಲ್ಲೇ ಮುಗಿಸಿಬಿಡಿ" ಅಂತಲೂ ಪರ್ಚೇಸ್‌ನವರು ಅಂದರು. ಇದಕ್ಕೆ ಮಾತ್ರ ನನಗೆ ನಿಜವಾಗಿ ಸಿಟ್ಟು ಬಂತು. ನೀರು ಹೆಚ್ಚುಕಮ್ಮಿ ಕುಗ್ಗುವುದೇ ಇಲ್ಲ, ಸ್ವಲ್ಪ ಸೋರಿದರೂ ಒತ್ತಡ ಇಳಿದುಬಿಡುತ್ತದೆ. ಗಾಳಿ ಹಾಗಲ್ಲ. ತುಂಬಿದಷ್ಟೂ ಶಕ್ತಿ ಒಳಗೇ ಕೂತಿರುತ್ತದೆ, ಒಡೆದರೆ ಒಂದೇ ಏಟಿಗೆ ಹೊರಗೆ ಬರುತ್ತದೆ. ಪಕ್ಕದಲ್ಲಿ ನಿಂತವರ ಗತಿ?

ನೀರನ್ನೇ ತುಂಬಿದೆವು. ಟೆಸ್ಟ್‌ಗೆ ಕೆಲಸದ ಒತ್ತಡಕ್ಕಿಂತ ಹೆಚ್ಚು, 3.9 ಬಾರ್‌ವರೆಗೆ ಏರಿಸಬೇಕಿತ್ತು. ಗೇಜ್ 2.5 ದಾಟಿರಲಿಲ್ಲ, ಧಡ್ ಅಂತ ಒಂದು ಸದ್ದು. ಪಂಪ್ ನಿಲ್ಲಿಸಿ, ಒತ್ತಡ ಪೂರ್ತಿ ಇಳಿಸಿದ ಮೇಲೆ ಹತ್ತಿರ ಹೋದೆವು. ಸಿದ್ದಣ್ಣ ಟಾರ್ಚನ್ನು ಓರೆಯಾಗಿ ಹಿಡಿದ. ನಕಲ್ ಮೇಲೆ ಅಂಗೈ ಅಗಲದ ತಗ್ಗು, ಅದರ ಪಕ್ಕದಲ್ಲೇ ಏರು. ಒತ್ತಡ ಇಳಿದರೂ ಹೋಗಿರಲಿಲ್ಲ.

ಅವನ ಪ್ರಶ್ನೆಗೆ ಉತ್ತರ ಹೀಗಿದೆ. ಒತ್ತಡ ಬಂದಾಗ ಡಿಶ್ ಗೋಳವಾಗಲು ನೋಡುತ್ತದೆ. ನಡುಭಾಗ ಹೊರಗೆ ಹೋಗುತ್ತದೆ, ನಕಲ್ ಒಳಗೆ ಸರಿಯುತ್ತದೆ. ಒಳಗೆ ಸರಿದರೆ ಸುತ್ತಳತೆ ಕಡಿಮೆಯಾಗಬೇಕು. ದಾರ ಎಳೆದಾಗ ಚೀಲದ ಬಾಯಿ ನೆರಿಗೆ ಕಟ್ಟುವ ಹಾಗೆ ತೆಳು ಪ್ಲೇಟೂ ನೆರಿಗೆ ಕಟ್ಟುತ್ತದೆ. ಗ್ಯಾಲೆಟ್ಲಿ ಎಂಬ ಎಂಜಿನಿಯರ್ 1959ರಲ್ಲೇ ಇಂಥ ತೆಳು ಡಿಶ್‌ಗಳ ಬಗ್ಗೆ ಎಚ್ಚರಿಸಿದ್ದರು. ದಪ್ಪವನ್ನು ನಡುಭಾಗದ ರೇಡಿಯಸ್‌ನಿಂದ ಭಾಗಿಸಿದಾಗ 0.002ಕ್ಕಿಂತ ಕಡಿಮೆ ಬಂದರೆ ಕೋಡ್‌ನಲ್ಲಿ ಬೇರೆ ನಿಯಮವೇ ಇದೆ. ಇಲ್ಲಿ ನಡುಭಾಗದ ರೇಡಿಯಸ್ಸೂ ಟ್ಯಾಂಕಿನ ವ್ಯಾಸದಷ್ಟೇ, 2000ಕ್ಕೆ 3, ಅಂದರೆ 0.0015.

"ತಟ್ಟಿ ಸರಿ ಮಾಡಿ ಸರ್ಟಿಫಿಕೇಟ್ ಕೊಡಿ" ಅಂದರು ಪರ್ಚೇಸ್‌ನವರು. ಸಿದ್ದಣ್ಣ ಸುತ್ತಿಗೆ ಮುಟ್ಟಲಿಲ್ಲ. ಮೂವತ್ತು ವರ್ಷ ಪ್ಲೇಟ್ ಜೊತೆ ಬಾಳಿದವನ ಮೇಲಿನ ಗೌರವ ಅವತ್ತು ಇನ್ನೂ ಜಾಸ್ತಿಯಾಯಿತು. ತಟ್ಟಿದರೆ ಸುಕ್ಕು ಮರೆಯಾಗಬಹುದು, ದಪ್ಪ ವಾಪಸ್ ಬರುತ್ತದಾ? ಪರ್ಚೇಸ್‌ನವರು ಎಂದೂ ಆ ಟ್ಯಾಂಕ್ ಪಕ್ಕ ನಿಲ್ಲುವುದಿಲ್ಲ. ನಿಲ್ಲುವವನು ಮಂಡ್ಯ ಕಡೆಯಿಂದ ಬೆಳಿಗ್ಗೆ ಬಸ್ಸು ಹತ್ತಿ ಬರುವ ಆಪರೇಟರ್ ಹುಡುಗ. ಡಿಶ್ ಎಷ್ಟು ಎಂಎಂ ಅಂತ ಅವನಿಗೆ ಯಾರೂ ಹೇಳಿರುವುದಿಲ್ಲ.

ಟೆಸ್ಟ್ ಫೇಲ್ ಅಂತ ಬರೆದು ಸಹಿ ಹಾಕಿದೆ. ಟ್ಯಾಂಕ್ ಲಾರಿ ಹತ್ತಿ ಹೋಯಿತು. ಅವರ ಫ್ಯಾಕ್ಟರಿ ಮ್ಯಾನೇಜರ್‌ಗೆ ನಾನೇ ಫೋನ್ ಮಾಡಿ, ಎರಡೂ ಡಿಶ್ ಕತ್ತರಿಸಿ ತೆಗೆದು, 6 ಎಂಎಂ ಪ್ಲೇಟಿನಲ್ಲಿ ಹೊಸದು ಹೊಡೆಸಿ ಅಂದೆ. ಫೋಟೊಗಳನ್ನೂ ಕಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ. ನಾಳೆ ಮತ್ತೆ ಫೋನ್ ಮಾಡುತ್ತೇನೆ.