ಆರೂ ಚಕ್ರ ಹಿಡಿಯಬೇಕು

ನಮ್ಮದು ಹತ್ತು ಚಕ್ರದ ಲಾರಿ. ಮುಂದೆ ಎರಡು ಚಕ್ರ, ಹಿಂದೆ ನಾಲ್ಕು ಜೋಡಿ; ಹಾಗಾಗಿ ಬ್ರೇಕ್ ಇರುವುದು ಆರು ಕಡೆ. ಶಿವಮೊಗ್ಗದ ಮಿಲ್ಲುಗಳಿಂದ ಅಕ್ಕಿ ತುಂಬಿಕೊಂಡು ಕುಂದಾಪುರದ ಕಡೆ ಹೋಗುವುದೇ ಜಾಸ್ತಿ. ಆಗುಂಬೆ ಘಾಟಿಯಲ್ಲಿ ಭಾರಿ ವಾಹನ ಬಿಡುವುದಿಲ್ಲ. ಹಾಗಾಗಿ ಹೊಸನಗರ, ನಗರ, ಮಾಸ್ತಿಕಟ್ಟೆ ದಾಟಿ ಹುಲಿಕಲ್ ಘಾಟಿ ಇಳಿಯಬೇಕು. ಹಳಬರು ಅದನ್ನು ಈಗಲೂ ಬಾಳೆಬರೆ ಘಾಟಿ ಅನ್ನುತ್ತಾರೆ. ದಾರಿಯಲ್ಲಿ ಚಂಡಿಕಾಂಬೆಯ ಗುಡಿ ಸಿಗುತ್ತದೆ. ಅಲ್ಲಿ ಕೈಮುಗಿಯದೆ ಮುಂದೆ ಹೋಗುವ ಡ್ರೈವರನ್ನು ನಾನು ನೋಡಿಲ್ಲ.

ಈ ಸಲ ಮಳೆಗಾಲಕ್ಕೆ ಮುಂಚೆ ಘಾಟಿ ಇಳಿದು ಹೊಸಂಗಡಿಯಲ್ಲಿ ನಿಂತಾಗ ಹಿಂದಿನ ಎಡ ಚಕ್ರದಿಂದ ಲೈನರ್, ಅಂದರೆ ಚಕ್ರದ ಡ್ರಮ್ಮಿಗೆ ಒಳಗಿನಿಂದ ಒತ್ತಿ ನಿಲ್ಲಿಸುವ ಬ್ರೇಕಿನ ಪಟ್ಟಿ, ಸುಟ್ಟ ವಾಸನೆ ಬಂತು. ಬ್ರೇಕ್ ಹಿಡಿಯುತ್ತಿತ್ತು, ಇಲ್ಲ ಅನ್ನುವಂತಿಲ್ಲ. ಆದರೆ ಕೊನೆಯ ತಿರುವುಗಳಲ್ಲಿ ಪೆಡಲನ್ನು ಮೊದಲಿಗಿಂತ ಜೋರಾಗಿ ಒತ್ತಬೇಕಾಗಿತ್ತು. ವಾಪಸು ಬಂದವನೇ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಹೋಗಿ ನಮ್ಮ ಮೇಸ್ತ್ರಿಯ ಗ್ಯಾರೇಜಿನಲ್ಲಿ ಗಾಡಿ ನಿಲ್ಲಿಸಿದೆ.

"ಈ ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಬ್ರೇಕೇ ಹಾಕಿಸಿಬಿಡೋಣ ಅಲ್ವಾ ಮೇಸ್ತ್ರಿ?" ಅಂದೆ.

"ಹಂಗೆಲ್ಲ ಆಗಲ್ಲ ಅಣ್ಣ. ಆಕ್ಸಲ್ ಸಮೇತ ಬದಲಾಯಿಸ್ಬೇಕು. ಆರ್‌ಟಿಓದವ್ರು ಒಪ್ಪಲ್ಲ" ಅಂದರು. ಅವರು ಹೇಳಿದ್ದು ಸರಿ. ಕಂಪನಿ ಕೊಟ್ಟ ವಿನ್ಯಾಸವನ್ನು ನಮ್ಮಿಷ್ಟದಂತೆ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬಿಡುವುದಿಲ್ಲ. "ಮೊದ್ಲು ಇರೋ ಬ್ರೇಕು ಪೂರ್ತಿ ಕೆಲಸ ಮಾಡ್ತಿದೆಯಾ ನೋಡಾಣ."

ಬ್ರೇಕಿನ ಟ್ಯಾಂಕಿಗೆ ಗಾಳಿ ತುಂಬಿಸಿ ಎಂಜಿನ್ ಆಫ್ ಮಾಡಿದರು. ಗಾಳಿಯ ಒತ್ತಡದಿಂದ ಬ್ರೇಕ್ ಒತ್ತುವ ಡಬ್ಬಿಗೆ ಚೇಂಬರ್ ಅನ್ನುತ್ತಾರೆ. ಪ್ರತಿ ಬ್ರೇಕ್ ಚೇಂಬರಿನಿಂದ ಹೊರಬರುವ ರಾಡಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಹುಡುಗ ಕ್ಯಾಬಿನ್ನಿನಲ್ಲಿ ಕೂತು ಪೆಡಲ್ ಒತ್ತಿದ. ಗೆರೆ ಎಷ್ಟು ಮುಂದೆ ಬಂತು ಎಂದು ಟೇಪಿನಲ್ಲಿ ಅಳೆದರು. ಎರಡು ಕಡೆ ರಾಡು ಎರಡು ಇಂಚಿಗಿಂತ ಜಾಸ್ತಿ ಹೊರಗೆ ಬರುತ್ತಿತ್ತು. ಅದರ ಪೂರ್ತಿ ಓಟವೇ ಸುಮಾರು ಎರಡೂವರೆ ಇಂಚು. ಡ್ರಮ್ ಬಿಸಿಯಾದರೆ ಹಿಗ್ಗುತ್ತದೆ, ಲೈನರಿನಿಂದ ಇನ್ನೂ ದೂರವಾಗುತ್ತದೆ. ಆಗ ಅಲ್ಲಿ ಒತ್ತಡವೇ ಉಳಿಯುವುದಿಲ್ಲ.

"ಈ ಎರಡು ಸುಮ್ನೆ ಉರುಳ್ತಿವೆ ಅಣ್ಣ. ಇವುಗಳ ಕೆಲಸಾನೂ ಉಳಿದ ನಾಲ್ಕೇ ಮಾಡ್ತಿವೆ" ಅಂದರು.

ವಾಸನೆ ಬಂದ ಚಕ್ರ ಆ ಎರಡರಲ್ಲಿ ಇರಲಿಲ್ಲ! ಅದರ ಬ್ರೇಕೇ ಎಲ್ಲಕ್ಕಿಂತ ಸರಿಯಾಗಿ ಸೆಟ್ ಆಗಿತ್ತು. ಚೆನ್ನಾಗಿ ದುಡಿಯುವುದಕ್ಕೇ ಅದು ಸುಡುತ್ತಿತ್ತು. ಬಿಚ್ಚಿ ನೋಡಿದರೆ ಡ್ರಮ್ಮಿನ ಒಳಗೆ ನೀಲಿ ಕಲೆ, ಲೈನರ್ ಗಾಜಿನಂತೆ ನುಣುಪು.

ಮನೆಯಲ್ಲಿ ಇದನ್ನು ಹೇಳಿದಾಗ ಪಿಯುಸಿ ಓದುವ ಮಗಳು ಲೆಕ್ಕ ಹಾಕಿದಳು. 25 ಟನ್ ತೂಕ 500 ಮೀಟರ್ ಇಳಿದರೆ 12 ಕೋಟಿ ಜೂಲ್. 350 ಲೀಟರ್ ತಣ್ಣೀರು ಕುದಿ ಬರುವುದಕ್ಕೆ ಸಾಕು. ಎಂಜಿನ್ ತಡೆಯದಿದ್ದರೆ ಅಷ್ಟೂ ಶಾಖ ಹೆಚ್ಚುಕಮ್ಮಿ ಈ ಡ್ರಮ್ಮುಗಳಿಗೇ ಹೋಗಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಘಾಟಿ ಇಳಿಯುವವರು ಇದನ್ನೊಮ್ಮೆ ಯೋಚಿಸಬೇಕು.

ಮೇಸ್ತ್ರಿ ಕೆಲಸ ಶುರುಮಾಡಿದರು. ರಾಡಿಗೂ ಬ್ರೇಕಿಗೂ ನಡುವೆ ಇರುವ, ಕೈಯಲ್ಲಿ ತಿರುಗಿಸಿ ಬಿಗಿ ಮಾಡುವ ಹಳೆಯ ಸ್ಲಾಕ್ ಅಡ್ಜಸ್ಟರ್ ತೆಗೆದು, ಇದೇ ಮಾಡೆಲ್ಲಿಗೆ ಕಂಪನಿಯೇ ಕೊಡುವ ಆಟೋಮ್ಯಾಟಿಕ್ ಅಡ್ಜಸ್ಟರನ್ನು ಆರೂ ಕಡೆ ಹಾಕಿದರು. ಲೈನರ್ ಸವೆದಂತೆ ಅದು ತಾನೇ ಅಂತರ ಸರಿಮಾಡಿಕೊಳ್ಳುತ್ತದೆ. ಹಳೆಯ ಡ್ರಮ್ಮುಗಳನ್ನು ಮತ್ತೆ ಲೇತಿಗೆ ಹಾಕಿ ಒಳಮೈ ಕೆರೆಯಲು ಅವರು ಒಪ್ಪಲಿಲ್ಲ. ತೆಳುವಾದ ಡ್ರಮ್ ಬೇಗ ಕಾಯುತ್ತದೆ. ಹಿಂದಿನ ನಾಲ್ಕಕ್ಕೂ ಹೊಸದು ತಂದೆವು. ತುಕ್ಕು ಹಿಡಿದು ಕೂತಿದ್ದ ಎಗ್ಸಾಸ್ಟ್ ಬ್ರೇಕಿನ ವಾಲ್ವ್ ಬದಲಾಯಿತು. ನನ್ನನ್ನು ಕೇಳಿದರೆ ಘಾಟಿಯಲ್ಲಿ ಅದಕ್ಕೇ ಮೊದಲ ಜಾಗ. ಸೈಲೆನ್ಸರಿಗೆ ಹೋಗುವ ಹೊಗೆಯನ್ನು ಅದು ತಡೆಯುತ್ತದೆ, ಎಂಜಿನ್ನೇ ಗಾಡಿಯನ್ನು ಹಿಡಿದಿಟ್ಟುಕೊಳ್ಳುತ್ತದೆ.

ಖರ್ಚು ದೊಡ್ಡದೇ ಆಯಿತು. ಹಾಗಂತ ಲೋಡು ಜಾಸ್ತಿ ಮಾಡಲು ನಾನು ಒಪ್ಪುವುದಿಲ್ಲ. 2018ರಲ್ಲಿ ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿಯನ್ನು 25ರಿಂದ 28.5 ಟನ್ನಿಗೆ ಏರಿಸಿದರು. ನಮ್ಮದು ಅದಕ್ಕೂ ಹಿಂದಿನ ಗಾಡಿ, 25 ಟನ್ನಿಗೆಂದೇ ಮಾಡಿದ್ದು. ಲೋಡು ಕೊಡುವ ಪಾರ್ಟಿಗಳು ಬೇಜಾರು ಮಾಡಿಕೊಂಡರೂ ಸರಿ.

ಮುಂದಿನ ಲೋಡಿಗೆ ಅದೇ ಘಾಟಿ. ತಗ್ಗಿನ ಗೇರ್, ಎಗ್ಸಾಸ್ಟ್ ಬ್ರೇಕ್ ಆನ್, ಕಾಲು ಪೆಡಲಿನ ಮೇಲೆ ಆಗಾಗ ಮಾತ್ರ. ಹೊಸಂಗಡಿಯಲ್ಲಿ ಇಳಿದು ಒಂದೊಂದೇ ಡ್ರಮ್ಮಿನ ಹತ್ತಿರ ಕೈ ಹಿಡಿದು ನೋಡಿದೆ. ಎಲ್ಲದರಲ್ಲೂ ಬಿಸಿ ಇತ್ತು, ಆದರೆ ಎಲ್ಲೂ ವಾಸನೆ ಇರಲಿಲ್ಲ. ಸುಮ್ಮನೆ ಉರುಳುತ್ತಿದ್ದ ಎರಡು ಚಕ್ರಗಳೂ ಉಳಿದವುಗಳಷ್ಟೇ ಕಾದಿದ್ದವು. ಅದನ್ನು ನೋಡಿ ಆದ ಖುಷಿ ಅಷ್ಟಿಷ್ಟಲ್ಲ.

ಫೋನ್ ಮಾಡಿದಾಗ ಮೇಸ್ತ್ರಿ ಒಂದು ಮಾತು ಹೇಳಿದರು. ಆಟೋಮ್ಯಾಟಿಕ್ ಅಡ್ಜಸ್ಟರಿಗೆ ಯಾರೂ ಸ್ಪ್ಯಾನರ್ ಹಾಕಬಾರದು. ರಾಡು ಮತ್ತೆ ಉದ್ದ ಬಂದರೆ ತೊಂದರೆ ಬೇರೆಲ್ಲೋ ಇದೆ ಎಂದರ್ಥ, ಅದನ್ನು ಹುಡುಕಬೇಕು. ಈಗ ನಮ್ಮ ಕ್ಲೀನರ್ ಹುಡುಗ ವಾರಕ್ಕೊಮ್ಮೆ ಆರೂ ರಾಡುಗಳಿಗೆ ಗೆರೆ ಎಳೆದು ಅಳೆಯುತ್ತಾನೆ. ಮಳೆ ಹಿಡಿದಿರುವುದರಿಂದ ದಿನಾ ಗಾಳಿ ಟ್ಯಾಂಕಿನ ನೀರನ್ನೂ ಬಸಿಯುತ್ತಾನೆ.